ತಾಂಡೇಲರ ಚಾವಡಿಗೆ ಐದು ಸ್ಪೀಕರು

ವಿನಯಾ ಅಂಗಳಕ್ಕೆ ಕಾಲಿಡುವಷ್ಟರಲ್ಲಿ ಮನೆಯೊಳಗಿನಿಂದ ಚಪ್ಪಾಳೆ ಕೇಳಿಸಿತು.

ಒಂದು ಸಲ. ತುಸು ಹೊತ್ತು ಬಿಟ್ಟು ಇನ್ನೊಂದು ಸಲ.

ಅವಳು ನಿಂತಲ್ಲೇ ನಿಂತಳು. ಅಮ್ಮ ತೀರಿಕೊಂಡು ಹತ್ತು ತಿಂಗಳಾಗಿತ್ತು. ವರ್ಷಾಂತದ ಕ್ರಿಯೆ ಇನ್ನೂ ಬಾಕಿ. ದೀಪಾವಳಿಗೂ ಗೂಡುದೀಪ ಕಟ್ಟದ ಮನೆ ಅದು. ಅಂಥ ಮನೆಯಲ್ಲಿ ಚಪ್ಪಾಳೆಯೇ?

ಚಪ್ಪಲಿ ಕಳಚಿ ಒಳಗೆ ನುಗ್ಗಿದಳು. ಮುಂದಿನ ಕೋಣೆಯಾದ ಚಾವಡಿಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಒಬ್ಬ ಅಪರಿಚಿತ ನಿಂತಿದ್ದ. ಕಣ್ಣು ಮುಚ್ಚಿ ಮತ್ತೊಮ್ಮೆ ಕೈ ತಟ್ಟಿ, ಕಿವಿಗೊಟ್ಟು ಆಲಿಸಿದ.

"ಎಂತ ಮಾಡ್ತ್ರಿ ನೀವ್? ಇದ್ ಸಾವಾದ ಮನಿ ಅಂತ ಗೊತ್ತಿಲ್ಯಾ?"

ಅವನು ತಿರುಗಿದ. ಬಾಗಿಲ ಮೇಲೆ ಹೂವು ಮುಡಿಸಿದ್ದ, ವಿನಯಾಳ ಅಮ್ಮ ಅಮ್ಮಣ್ಣಿಯ ಪಟ ಆಗಲೇ ಅವನ ಕಣ್ಣಿಗೆ ಬಿದ್ದದ್ದು. ಮುಖ ಬಾಡಿತು. ತಟ್ಟುತ್ತಿದ್ದ ಕೈಗಳು ತಾವಾಗಿಯೇ ಕೂಡಿಕೊಂಡವು.

"ತಪ್ಪಾಯ್ತ್. ಸದ್ದ್ ಗೋಡೆಗ್ ಹೊಡ್ದ್ ಹ್ಯಾಂಗ್ ತಿರ್ಗಿ ಬತ್ತ್ ಅಂತ ಕಾಣ್ತಿದ್ದೆ. ತಾಂಡೇಲ್ರೇ ಬಪ್ಪುಕ್ ಹೇಳಿದ್ರ್."

ತಾಂಡೇಲರೆಂದರೆ ವಿನಯಾಳ ತಂದೆ ದುಗ್ಗಪ್ಪ. ಹಂಗಾರಕಟ್ಟೆಯ ಅಳಿವೆಯಿಂದ ನಲವತ್ತು ವರ್ಷ ತಾಂಡೇಲರಾಗಿ, ಎಂದರೆ ಮುಖ್ಯಸ್ಥರಾಗಿ, ಮೀನಿನ ಬೋಟು ನಡೆಸಿದವರು. ಎಂಜಿನ್ನಿನ ಮಗ್ಗುಲಲ್ಲೇ ಕಾಲ ಕಳೆದು ಎಡಗಿವಿ ಮಂದವಾಗಿತ್ತು. ಹೆಂಡತಿ ಹೋದ ಮೇಲೆ ಅವರಿಗೆ ಉಳಿದಿದ್ದ ಸುಖ ಒಂದೇ: ಟಿವಿಯಲ್ಲಿ ಬರುವ ಯಕ್ಷಗಾನ. ಚೆಂಡೆಯೇನೋ ಕೇಳುತ್ತಿತ್ತು, ಭಾಗವತರ ಪದವೂ ವೇಷಧಾರಿಗಳು ಆಡುವ ಅರ್ಥದ ಮಾತೂ ಕೇಳುತ್ತಿರಲಿಲ್ಲ. ಸದ್ದು ಹೆಚ್ಚಿಸಿದಷ್ಟೂ ಮಾತು ಕಲಸಿಹೋಗುತ್ತಿತ್ತು.

ಬಂದವನ ಹೆಸರು ಸುಜನ್. ಬ್ರಹ್ಮಾವರದಲ್ಲಿ ಸ್ಪೀಕರುಗಳ ಸಣ್ಣ ಅಂಗಡಿ. ತಂದೆ ತಿಮ್ಮ ಊರೂರಿನ ಯಕ್ಷಗಾನದ ಆಟಗಳಿಗೆ ಮೈಕು ಕಟ್ಟುತ್ತಿದ್ದವರು.

ಅಷ್ಟರಲ್ಲಿ ದುಗ್ಗಪ್ಪ ಹಿತ್ತಲಿನಿಂದ ಬಂದರು. ಮಗಳ ಮುಖ ನೋಡಿಯೇ ನಡೆದದ್ದು ಊಹಿಸಿ, ಕರೆಸಿದವನು ತಾನು, ಬೈಯುವುದಿದ್ದರೆ ತನಗೇ ಬೈಯಬೇಕು ಎಂದರು. ವಿನಯಾ ಬೈಯಲಿಲ್ಲ. ಚಹಾ ಮಾಡಲು ಒಳಗೆ ಹೋದಳು.

ಆ ಚಾವಡಿಗೆ ನೆಟ್ಟಗಿನ ಆಕಾರವಿರಲಿಲ್ಲ. ದುಗ್ಗಪ್ಪನ ತಂದೆ ಮನೆ ಕಟ್ಟಿಸುವಾಗ ಮೂಲೆಯಲ್ಲಿ ನಾಗನ ಕಲ್ಲಿತ್ತು. ನಾಗನ ಜಾಗಕ್ಕೆ ಗೋಡೆ ತಾಗಿಸುವವರು ಆ ಊರಿನಲ್ಲಿ ಯಾರೂ ಇಲ್ಲ. ಅಷ್ಟು ಜಾಗ ಹೊರಗೆ ಬಿಟ್ಟು ಗೋಡೆಯನ್ನು ಒಳಕ್ಕೆ ತಿರುಗಿಸಿದ್ದರು. ಹಾಗಾಗಿ ಚಾವಡಿ ಮಡಚಿದ ಮೊಣಕೈಯಂತಿತ್ತು. ಉದ್ದನೆಯ ಭಾಗದ ತುದಿಯಲ್ಲಿ ಟಿವಿ, ತಿರುವಿನಲ್ಲಿ ತಾಂಡೇಲರ ಕುರ್ಚಿ. ಕುರ್ಚಿಯ ಬಲಕ್ಕೆ ಗೋಡೆ. ಎಡಕ್ಕೆ ಗೋಡೆಯೇ ಇಲ್ಲ, ಅಡುಗೆಮನೆಯ ಕಡೆಗೆ ಹೋಗುವ ಗಿಡ್ಡ ಭಾಗ ತೆರೆದುಕೊಂಡಿತ್ತು.

ಮುಂದಿನ ವಾರ ಸುಜನ್ ಉದ್ದನೆಯ ಸೌಂಡ್‌ಬಾರ್ ಒಂದನ್ನು ತಂದು ಟಿವಿಯ ಕೆಳಗಿಟ್ಟು ತೋರಿಸಿದ. ನೆರೆಯವರೆಲ್ಲ ಅದನ್ನೇ ಹೊಗಳಿದ್ದರು. ಆದರೆ ಅದು ಎರಡೂ ಬದಿಯ ಗೋಡೆಗೆ ಸದ್ದು ಹೊಡೆಸಿ ಕಿವಿಗೆ ತಿರುಗಿಸುವ ಯಂತ್ರ. ಎಡಕ್ಕೆ ಹೋದ ಸದ್ದು ತಿರುಗಿ ಬರಲೇ ಇಲ್ಲ. ಈ ಕೋಣೆಗೆ ಇದು ಹೊಂದುವುದಿಲ್ಲವೆಂದು ಅವನೇ ಪೆಟ್ಟಿಗೆಗೆ ತುಂಬಿದ.

ಮಾರಲು ಬಂದವನು ಮಾಲನ್ನು ತಾನೇ ಬೇಡವೆನ್ನುವುದನ್ನು ವಿನಯಾ ಅದೇ ಮೊದಲು ಕಂಡದ್ದು. ಕೋಟೇಶ್ವರದಲ್ಲಿ ಅವಳದೊಂದು ಹೊಲಿಗೆ ಅಂಗಡಿಯಿತ್ತು. ಸಿದ್ಧ ಉಡುಪು ಎಲ್ಲರ ಮೈಗೂ ಕೂರುವುದಿಲ್ಲ, ಒಂದು ಹೆಗಲು ಇಳಿದವರಿಗೆ ಅಳತೆ ತೆಗೆದೇ ಹೊಲಿಯಬೇಕು ಎಂದಳು. ಸುಜನ್ ನಕ್ಕು, ಈ ಚಾವಡಿಗೂ ಎಡ ಹೆಗಲು ಇಳಿದಿದೆ ಎಂದ. ತಾನೂ ನಕ್ಕೆನೆಂದು ವಿನಯಾಗೆ ತಿಳಿದದ್ದು ಒಳಗೆ ಹೋದ ಮೇಲೆ. ಅಮ್ಮ ಹೋದ ಮೇಲಿನ ಮೊದಲ ನಗು ಅದು.

ಆಮೇಲೆ ಅವನು ಮತ್ತೆ ಮತ್ತೆ ಬಂದ. ಒಂದು ದಿನ ಟೇಪು ಹಿಡಿದು ಅಳೆದರು. ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ಅವಳ ಕೈಯಲ್ಲಿ. ಹತ್ತಿರದ ಸ್ಪೀಕರು ತುಸು ತಡೆದು ನುಡಿಯಬೇಕು, ದೂರದ್ದು ಮೊದಲು ನುಡಿಯಬೇಕು, ಆಗ ಎಲ್ಲದರ ಸದ್ದೂ ಕಿವಿಗೆ ಒಟ್ಟಿಗೆ ಸೇರುತ್ತದೆ ಎಂದು ಅವನು ಬಿಡಿಸಿ ಹೇಳಿದ. ಮಾತಿಗೆ ಮಧ್ಯದಲ್ಲಿ ಒಂದು ಒಳ್ಳೆಯ ಸ್ಪೀಕರು, ಅದರ ಎಡಬಲಕ್ಕೆ ಎರಡು, ಕುರ್ಚಿಯ ಹಿಂದೆ ಎರಡು. ಗೋಡೆಯಿಲ್ಲದ ಎಡಬದಿಯದನ್ನು ಮಾಡಿನ ಜಂತಿಯಿಂದ ಇಳಿಬಿಡುವುದೆಂದು ಇಬ್ಬರೂ ಸೇರಿ ತೀರ್ಮಾನಿಸಿದರು.

ಅವನು ಬರುವ ದಿನ ವಿನಯಾ ಅಂಗಡಿಯನ್ನು ಬೇಗ ಮುಚ್ಚತೊಡಗಿದಳು. ಕಾರಣವನ್ನು ತನಗೆ ತಾನೇ ಹೇಳಿಕೊಳ್ಳಲಿಲ್ಲ.

ಅಂಥದೇ ಒಂದು ದಿನ ಸೋದರತ್ತೆ ಶ್ರೀಲತಾ ಫೋನ್ ಮಾಡಿದಳು. ಬೈಂದೂರಿನಲ್ಲಿ ಒಳ್ಳೆಯ ಹುಡುಗನಿದ್ದಾನೆ, ವರ್ಷಾಂತ ಮುಗಿದ ಕೂಡಲೇ ಮದುವೆ ಮಾಡೋಣ ಎಂದಳು. ಕಿವಿ ಮಂದವಾದ ದುಗ್ಗಪ್ಪ ಫೋನಿನ ಸದ್ದನ್ನು ದೊಡ್ಡದಾಗಿಟ್ಟೇ ಮಾತನಾಡುವವರು. ಏಣಿಯ ಮೇಲಿದ್ದ ಸುಜನ್‌ಗೆ ಎಲ್ಲವೂ ಕೇಳಿಸಿತು.

ಅವನು ಕೆಳಗಿಳಿದ. ಬರೆದುಕೊಳ್ಳುತ್ತಿದ್ದ ಚೀಟಿಯಿಂದ ಕಣ್ಣೆತ್ತದೆ ಕೇಳಿದ.

"ಇಲ್ಲ್ ಕೂಕಂಡ್ ಕೇಂಬರ್ ಎಷ್ಟ್ ಜನ?"

"ಅಪ್ಪಯ್ಯ ಒಬ್ರೇ," ಎಂದಳು ವಿನಯಾ.

"ನೀವ್?"

"ನನ್ನ ಲೆಕ್ಕಕ್ಕ್ ಹಿಡೀಬೇಡಿ. ಅವ್ರಿಗ್ ಕೇಂಡ್ರೆ ಸಾಕ್."

ಅವನು ಚೀಟಿ ಮಡಚಿ ಕಿಸೆಗೆ ಹಾಕಿಕೊಂಡ. ಒಳ್ಳೆಯದಾಗಲಿ ಎಂದು ಹೇಳಿ ಚಹಾ ಕುಡಿಯದೆ ಹೊರಟುಹೋದ.

ಅಂದು ಸಂಜೆಯೇ ವಿನಯಾ ಅತ್ತೆಗೆ ಫೋನ್ ಮಾಡಿ ಆ ಸಂಬಂಧ ಬೇಡವೆಂದಳು. ಅದನ್ನು ಕೇಳಬೇಕಾದವನು ಮತ್ತೆ ಬರಲಿಲ್ಲ. ಪೆಟ್ಟಿಗೆಗಳು ಗೂಡ್ಸ್ ರಿಕ್ಷಾದಲ್ಲಿ ಬಂದವು. ವರ್ಷಾಂತ ಕಳೆದ ಮೇಲೆ ಜೋಡಿಸಿಕೊಡುತ್ತೇನೆ ಎಂಬ ಒಂದು ಸಾಲು ಮೊಬೈಲಿಗೆ ಬಂತು. ಅಷ್ಟೇ.

'ವ್ಯಾಪಾರಕ್ಕೆ ಬಂದವರು, ವ್ಯಾಪಾರ ಮುಗಿಯಿತು. ನಾನೇ ಏನೇನೋ ಅಂದುಕೊಂಡೆ…'

ವರ್ಷಾಂತ ಮುಗಿಯಿತು. ತಂದೆಯೊಡನೆ ಹಟ್ಟಿಯಂಗಡಿಗೆ ಹೋಗಿ ಗಣಪತಿಯ ಮುಂದೆ ನಿಂತಳು. ಅಮ್ಮನಿಗೆ ಸದ್ಗತಿ ಕೇಳಿದಳು, ಅಪ್ಪಯ್ಯನಿಗೆ ಆಯುಷ್ಯ ಕೇಳಿದಳು. ತನಗೆಂದು ಕೇಳಲು ಬಾಯಿ ಬರಲಿಲ್ಲ. ಕೇಳದ್ದನ್ನೂ ಬಲ್ಲವನು ದೇವರು.

ಮರುವಾರ ಸುಜನ್ ಬಂದ. ಸೊರಗಿದ್ದ. ತಲೆ ತಗ್ಗಿಸಿ ಮಧ್ಯಾಹ್ನವಿಡೀ ತಂತಿ ಎಳೆದ. ಕೊನೆಗೆ ತಾಂಡೇಲರ ಕುರ್ಚಿಯಲ್ಲಿ, ಅವರ ಕಿವಿಯ ಎತ್ತರಕ್ಕೆ, ಒಂದು ಪುಟ್ಟ ಮೈಕು ನಿಲ್ಲಿಸಿದ. ಸ್ಪೀಕರುಗಳು ಒಂದೊಂದಾಗಿ ಶ್ ಎಂದು ನುಡಿದವು. ಎಲ್ಲವೂ ಆ ಒಂದೇ ಕುರ್ಚಿಗೆ ಹೊಂದಿಕೊಂಡವು.

ದುಗ್ಗಪ್ಪ ಕೂತರು. ಆಟ ಶುರುವಾಯಿತು. ಭಾಗವತರು ಪದ ಎತ್ತಿದಾಗ ಮುದುಕರು ಮುಂದಕ್ಕೆ ಬಾಗಿದರು. ಅರ್ಥ ಬಂದಾಗ ಅವರ ತುಟಿಯೂ ಜೊತೆಗೆ ಅಲುಗಿತು. ಒಂದೊಂದು ಮಾತೂ ಕೇಳುತ್ತದೆ ಎಂದು ಮೆಲ್ಲನೆ ಹೇಳಿ, ಕಣ್ಣೊರೆಸಿಕೊಂಡು, ನಾಗನಿಗೆ ದೀಪವಿಟ್ಟು ಬರುತ್ತೇನೆಂದು ಎದ್ದುಹೋದರು.

ಆಟ ನಡೆಯುತ್ತಲೇ ಇತ್ತು. ಸುಜನ್ ತಿರುಗಿ ನೋಡಿದ. ವಿನಯಾ ಗಿಡ್ಡ ಭಾಗದ ಕೊನೆಯಲ್ಲಿ, ಅಡುಗೆಮನೆಯ ಹೊಸ್ತಿಲ ಬಳಿ ಮಣೆ ಹಾಕಿಕೊಂಡು ಕೂತಿದ್ದಳು. ಅಲ್ಲಿಂದ ಟಿವಿ ಕಾಣುತ್ತಿರಲಿಲ್ಲ. ಅವನು ಹತ್ತಿರ ಬಂದು ನಿಂತು ಆಲಿಸಿದ.

"ಇಲ್ಲಿಗ್ ಮಾತೇ ಕೇಂತಿಲ್ಲೆ. ಬರೀ ಗುಂಯ್ ಅಂತ್. ಇಲ್ಲೆಂತಕ್ ಕೂಕಂಡದ್ದ್?"

"ಅಮ್ಮನೂ ಇಲ್ಲೇ ಕೂಕಂತಿದ್ರ್. ಮೂವತ್ತೈದ್ ವರ್ಷ."

"ಮತ್ತೆ ಅಂದ್ ಒಬ್ರೇ ಅಂದ್ರಿ?"

"ಚಾವಡಿಯಗ್ ಕೂಕಂಬರ್ ಎಷ್ಟ್ ಜನ ಅಂತ ಕೇಂಡ್ರೆ ನಮ್ಮನಿಯಗ್ ಹೆಂಗಸ್ರನ್ನ ಹಿಡಿಯುದಿಲ್ಲೆ. ನಾನೂ ಹಿಡೀಲಿಲ್ಲೆ."

ಸುಜನ್ ಖಾಲಿ ಪೆಟ್ಟಿಗೆಯೊಂದರ ಮೇಲೆ ಕುಸಿದು ಕೂತ.

"ನೀವ್ ಬೈಂದೂರಿಗ್ ಹೋಪರ್, ಅದಕ್ಕೇ ಒಬ್ರೇ ಅಂದ್ರಿ ಅಂತ ತಿಳ್ಕಂಡೆ."

"ಆ ಸಂಬಂಧ ಬ್ಯಾಡ ಅಂತ ಅಂದೇ ಹೇಳಿದೆ. ನಿಮ್ಮತ್ರ ಹೇಳ್ವ ಅಂದ್ರೆ ನೀವ್ ಬರ್ಲೇ ಇಲ್ಲೆ."

"ಎಂತಕ್ ಬ್ಯಾಡ ಅಂದ್ರಿ?"

ವಿನಯಾ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

"ಅದನ್ನೂ ನಾನೇ ಹೇಳ್ಕಾ?"

ಅವನು ಅವಳ ಮುಖವನ್ನೇ ನೋಡಿ ಹೇಳಿದ.

"ಬ್ಯಾಡ. ನಾನ್ ಹೇಳ್ತೆ. ಈ ಕೆಲ್ಸ ಎರಡ್ ದಿನದ್ದ್. ಅಷ್ಟ್ ದಿನ ಎಳ್ದದ್ದ್ ನಿಮ್ಮನ್ನ ಕಾಂಬುಕೆ. ನಿಮ್ಮ ಬಿಟ್ಟ್ ನಂಗ್ ಬೇರೆ ಯಾರೂ ಬ್ಯಾಡ."

ಅವಳ ಕಣ್ಣು ತುಂಬಿತು. ಅಳುವೋ ನಗುವೋ ತಿಳಿಯದ ಹಾಗೆ ತಲೆಯಾಡಿಸಿದಳು.

ಸುಜನ್ ಎದ್ದು ಒಳಗಿನಿಂದ ಇನ್ನೊಂದು ಕುರ್ಚಿ ತಂದು ತಾಂಡೇಲರ ಕುರ್ಚಿಯ ಪಕ್ಕದಲ್ಲಿಟ್ಟ. ಅವಳನ್ನು ಕೂರಿಸಿ ಕಿವಿಯ ಎತ್ತರ ನೋಡಿಕೊಂಡ. ಅವಳನ್ನು ಎಬ್ಬಿಸಿ ಅಲ್ಲಿಯೂ ಮೈಕು ನಿಲ್ಲಿಸಿದ. ಜಂತಿಯ ಸ್ಪೀಕರನ್ನು ಅರ್ಧ ಮೊಳ ಸರಿಸಿ, ಎರಡು ಕುರ್ಚಿಗೂ ಸೇರಿಸಿ ಎಲ್ಲವನ್ನೂ ಹೊಸದಾಗಿ ಹೊಂದಿಸಿದ.

ದುಗ್ಗಪ್ಪ ದೀಪವಿಟ್ಟು ಬಂದಾಗ ಮಗಳು ಚಾವಡಿಯ ಕುರ್ಚಿಯಲ್ಲಿ ಕೂತು ಆಟ ನೋಡುತ್ತಿದ್ದಳು. ತಂದೆಯನ್ನು ಕಂಡು ಗಡಬಡಿಸಿ ಎದ್ದಳು.

ಮುದುಕರು ಆ ಕುರ್ಚಿಯನ್ನೂ ಗೋಡೆಯ ಪಟವನ್ನೂ ನೋಡಿದರು.

"ಒಂದ್ ಸಲ ಬಾ ಅಂದಿದ್ರೆ ಬತ್ತಿದ್ಲ್ ಅವ್ಳ್. ನಾನ್ ಕರೀಲೇ ಇಲ್ಲೆ," ಎಂದರು. ಮತ್ತೆ ಮಗಳ ಹೆಗಲ ಮೇಲೆ ಕೈಯಿಟ್ಟರು. "ಕೂಕೊ ಮಗಾ."

ತಂದೆ ಮಗಳು ಅಕ್ಕಪಕ್ಕ ಕೂತರು. ಸುಜನ್ ಸಾಮಾನು ಕಟ್ಟಿಕೊಂಡು ಹೊರಟಾಗ ವಿನಯಾ ಬೇಲಿಯ ದಣಪೆಯವರೆಗೆ ಹೋದಳು.

"ತಾಂಡೇಲ್ರತ್ರ ಯಾವಾಗ ಕೇಣ್ಲಿ?" ಎಂದ ಅವನು.

"ಇವತ್ತ್ ಅವ್ರ್ ಆಟ ಕಾಣ್ಲಿ. ನಾಳೆ ಬನ್ನಿ."

"ನೀವ್ ಒಳಗ್ ಹೋಯಿ ಅಡಗಿ ಕೂಕಂಬುದ್ ಬ್ಯಾಡ."

"ಇಲ್ಲೆ," ಎಂದಳು ವಿನಯಾ. "ಅವ್ರ ಬದಿಯಗೇ ಕೂಕಂಡಿರ್ತೆ. ನೀವ್ ಕೇಂಬುದ್ ನಂಗೂ ಕೇಣ್ಕ್."