ಅರ್ಧಕ್ಕೆ ಕಡಿದ ಕಾಕಿ ಕೊಂಬೆ

ಕೊನೆಯ ರೈಲು ಓಡಲಿದ್ದ ದಿನ ಬೆಳಿಗ್ಗೆ ಎಂಟೂವರೆಗೆ ಫುಕಿ ಅಜ್ಜಿ ನಮ್ಮ ಅಂಗಡಿಯ ಬಾಗಿಲು ಬಡಿದಳು. ಅವಳ ಕೈಯಲ್ಲಿ ಮೊಳದುದ್ದದ ಒಂದು ಕೊಂಬೆಯಿತ್ತು. ಅದರಲ್ಲಿ ನಾಲ್ಕು ಕಾಕಿ ಹಣ್ಣುಗಳು ಇನ್ನೂ ಕಿತ್ತಳೆ ಬಣ್ಣದಲ್ಲಿ ತೂಗುತ್ತಿದ್ದವು.

“ಸೆತ್ಸು, ಯಾರೋ ನನ್ನ ಮರಕ್ಕೆ ಗರಗಸ ಹಾಕಿದಾರೆ. ಪೊಲೀಸು ನಮ್ಮ ಹಮಾನೋನ ಹಿಡಿದು ಕೂರಿಸಿದಾನೆ. ಅವನಲ್ಲ ಅಂತ ನಂಗನ್ಸುತ್ತೆ. ಆದ್ರೆ ಮುದುಕಿಗೆ ಅನ್ಸಿದ್ದನ್ನ ಯಾವ ಪೊಲೀಸು ಬರ್ಕೋತಾನೆ?”

ಕುರಮೋಚಿ ಸೆತ್ಸು ಕ್ಯಾಮೆರಾ ರಿಪೇರಿ ಮಾಡುವವರು. ಆದರೂ ಕಾಮಿನೋಸೆಯಲ್ಲಿ ಏನು ಕಳೆದರೂ, ಯಾರು ಸುಳ್ಳು ಹೇಳಿದರೂ ಜನ ಮೊದಲು ಬರುವುದು ಅವರಲ್ಲಿಗೆ. ನಾನು ನೊಹಾರ, ಅವರ ಮಾಳಿಗೆಯ ಬಾಡಿಗೆದಾರ. ಆರು ವರ್ಷಗಳಿಂದ ಅವರ ಚೀಲ ಹೊತ್ತು ಹಿಂದೆ ನಡೆದಿದ್ದೇನೆ.

ಸೆತ್ಸು ಹಣ್ಣುಗಳನ್ನು ನೋಡಲಿಲ್ಲ, ಗಾಯವನ್ನು ನೋಡಿದರು.

“ಬುಡಕ್ಕೆ ಕಡಿದಿಲ್ಲ ಅಜ್ಜಿ. ಕೊಂಬೆಯ ನಡುಮಧ್ಯದಲ್ಲಿ ಕಡಿದಿದಾರೆ. ಬೇರೆ ಕೊಂಬೆ?”

“ಒಂದನ್ನೂ ಮುಟ್ಟಿಲ್ಲ.”

ಅಜ್ಜಿಯ ಹಿತ್ತಲು ರೈಲು ಸೇತುವೆಗೆ ಎದುರಾದ ಕಡಿದಾದ ದಿಬ್ಬ. ಮುಂದೆ ಒಂದು ಹೆಜ್ಜೆ ಇಟ್ಟರೆ ಹಳ್ಳ. ಅಂಚಿನಲ್ಲಿ ಮೂರು ಟ್ರೈಪಾಡುಗಳು ನಿಂತಿದ್ದವು. ರೈಲಿನ ಚಿತ್ರ ತೆಗೆಯುವವರಲ್ಲಿ ಒಂದು ಕಟ್ಟಳೆ ಇದೆ: ಹಿಂದಿನ ದಿನವೇ ಟ್ರೈಪಾಡ್ ಊರಿ, ಹೆಸರಿನ ಚೀಟಿ ಕಟ್ಟಿ ಜಾಗ ಹಿಡಿಯಬಹುದು. ಅದನ್ನು ಬೇರೆಯವರು ಮುಟ್ಟುವಂತಿಲ್ಲ, ಅದರ ಮುಂದೆ ನಿಲ್ಲುವಂತಿಲ್ಲ. ಕಟ್ಟಳೆ ಮುರಿದವನ ಜೊತೆ ಮುಂದೆ ಯಾರೂ ಮಾತಾಡುವುದಿಲ್ಲ.

ಹಿತ್ತಲಿನ ಗಡಿಕಲ್ಲಿನ ಬಲಕ್ಕಿದ್ದ ಟ್ರೈಪಾಡ್ ನಿವೃತ್ತ ಅಂಚೆಯಣ್ಣ ಹಮಾನೋ ತೇಯಿಜಿಯದು. ಎಡಕ್ಕೆ, ಒಂದು ಗೇಣಿನ ಅಂತರದಲ್ಲಿ, ಪಟ್ಟಣದ ಹಲ್ಲಿನ ಡಾಕ್ಟರ್ ಮಿಕುರಿಯಾನದು. ಹತ್ತು ಹೆಜ್ಜೆ ಆಚೆ ಬೇಕರಿಯ ಇಗಾರಾಶಿ ಎಂಬ ಯುವತಿಯದು. ಕಾಕಿ ಮರ ಗಡಿಕಲ್ಲಿನಿಂದ ಮೂರು ಮೀಟರು ಮುಂದೆ, ಎಡಗಡೆ ದಿಬ್ಬ ಮೂಗಿನಂತೆ ಚಾಚಿಕೊಂಡ ಕಡೆ. ಗರಗಸ ಸಿಕ್ಕಿದ್ದು ಹಮಾನೋನ ಟ್ರೈಪಾಡಿನ ಕಾಲಬುಡದಲ್ಲಿ.

ಹಮಾನೋ ತಲೆಕೆಳಗಾದ ಬಕೆಟ್ಟಿನ ಮೇಲೆ ಕುಳಿತಿದ್ದ. ಅವನ ಮೇಲೆ ನೆರಳಿನಂತೆ ಪೊಲೀಸ್ ಒಗಾತಾ.

“ಪ್ರತಿ ಚಳಿಗಾಲ ಈ ಮರ ಸವರೋದು ಇವ್ರೇ. ಗರಗಸ ಎಲ್ಲಿರುತ್ತೆ ಅಂತ ಇವ್ರಿಗೇ ಗೊತ್ತು. ಹತ್ತು ಗಂಟೆಗೆ ಪಟ್ಟಣಕ್ಕೆ ಕರ್ಕೊಂಡು ಹೋಗಿ ಹೇಳಿಕೆ ಬರೆಸ್ತೀನಿ” ಎಂದ ಒಗಾತಾ.

“ಗರಗಸ ಕೊಟ್ಟಿಗೆ ಬಾಗಿಲಲ್ಲೇ ನೇತಾಡ್ತಿರುತ್ತೆ ಕಣೋ. ದಾರೀಲಿ ಹೋಗೋ ನಾಯಿಗೂ ಗೊತ್ತು” ಎಂದಳು ಅಜ್ಜಿ.

ಹಮಾನೋ ತಲೆಯೆತ್ತಿದ. “ಒಗಾತಾ, ಹನ್ನೊಂದು ಗಂಟೆವರೆಗೆ ಬಿಡಪ್ಪ. ಆಮೇಲೆ ಎಲ್ಲಿಗೆ ಬೇಕಾದ್ರೂ ಬರ್ತೀನಿ.”

ಅವನೇಕೆ ಹಾಗೆ ಕೇಳಿದನೆಂದು ಎಲ್ಲರಿಗೂ ಗೊತ್ತಿತ್ತು. ಹತ್ತೂ ನಲವತ್ತಕ್ಕೆ ಸೇತುವೆ ದಾಟಲಿದ್ದ ಆ ರೈಲನ್ನು ಓಡಿಸುತ್ತಿದ್ದವಳು ಅವನ ಮಗಳು ನಾತ್ಸುಮೆ. ನಾಳೆಯಿಂದ ಈ ಹಳಿಯ ಮೇಲೆ ಏನೂ ಓಡುವುದಿಲ್ಲ.

“ಕಾನೂನು ಅಂದ್ರೆ ಕಾನೂನು” ಎಂದ ಒಗಾತಾ, ಆದರೆ ಅವನ ಕಣ್ಣು ನೆಲದ ಮೇಲಿತ್ತು.

ಸೆತ್ಸು ಗಡಿಯಾರ ನೋಡಿಕೊಂಡರು. ಒಂಬತ್ತೂ ಹತ್ತು.

“ಡಾಕ್ಟ್ರೇ, ಹೊಸ ಕ್ಯಾಮೆರಾ ಅನ್ಸುತ್ತೆ?”

ಮಿಕುರಿಯಾನ ಮುಖ ಅರಳಿತು. “ಹೋದ ವಾರ ತಗೊಂಡೆ. ಒಳಗೆ ಚಿತ್ರ ಹಿಡಿಯೋ ಸೆನ್ಸರ್ ಎಷ್ಟು ದೊಡ್ಡದು ನೋಡಿ. ಹಳೆ ಕ್ಯಾಮೆರಾ, ಲೆನ್ಸು ಎಲ್ಲ ಮಾರಿದೆ. ಸೆನ್ಸರ್ರೇ ಮುಖ್ಯ ಕಣ್ರೀ. ನಮ್ಮ ಅಂಚೆಯಣ್ಣಂದು ಇದೆಯಲ್ಲ, ಅಂಚೆಚೀಟಿಯಷ್ಟೂ ಇಲ್ಲ.”

“ಅಂಚೆಯವನಿಗೆ ಅಷ್ಟು ಸಾಕು” ಎಂದ ಹಮಾನೋ. ಇಗಾರಾಶಿ ನಗು ತಡೆದುಕೊಂಡಳು.

“ಲೆನ್ಸು ಯಾವುದು?”

“ಐವತ್ತು ಮಿಲಿಮೀಟರಿಂದು. ಅದೊಂದೇ ಉಳಿದಿರೋದು.”

“ನೆನ್ನೆ ಕ್ಯಾಮೆರಾ ಇಟ್ಟು ನೋಡಿದ್ರಾ?”

“ಇಲ್ಲಪ್ಪ. ಬಂದೆ, ಟ್ರೈಪಾಡ್ ಊರಿದೆ, ಹೊರಟೆ. ಡಬ್ಬಿಯಿಂದ ತೆಗೆದಿದ್ದೇ ಈಗ.”

ಸೆತ್ಸು ನನ್ನನ್ನು ಸ್ಟೇಷನ್ನಿಗೆ ಅಟ್ಟಿದರು. ಕಾಯುವ ಕೋಣೆಯ ಗೋಡೆಯಲ್ಲಿ ಒಂದು ಪ್ರಕಟಣೆ: ರೈಲುಮಾರ್ಗದ ಕೊನೆಯ ಕ್ಯಾಲೆಂಡರಿಗೆ ಈ ದಿನದ ಒಂದು ಚಿತ್ರ ಆರಿಸಲಾಗುವುದು; ತೆಗೆದ ಚಿತ್ರದ ಅಂಚು ಕತ್ತರಿಸಿದ್ದರೆ ಪರಿಗಣಿಸುವುದಿಲ್ಲ. ಅದರ ಕೆಳಗೆ ಪ್ರಯಾಣಿಕರು ಬರೆಯುವ ಪುಸ್ತಕ. ವರ್ಷಗಳ ಹಿಂದೆ ಹಮಾನೋ ಅದರಲ್ಲಿ ಬರೆದಿದ್ದ: “ಫುಕಿ ಅಜ್ಜಿಯ ಗಡಿಕಲ್ಲು, ಸೊಂಟದ ಎತ್ತರ, ಐವತ್ತು ಮಿಲಿಮೀಟರ್. ಸೇತುವೆ ಸರಿಯಾಗಿ ತುಂಬುತ್ತದೆ. ಬೇಕಾದವರು ಬಳಸಿ.” ನಾನು ಪುಸ್ತಕ ಹಿಡಿದು ಓಡಿ ಬಂದಾಗ ಹತ್ತಕ್ಕೆ ಏಳು ನಿಮಿಷವಿತ್ತು. ಒಗಾತಾ ಆಗಲೇ ಜೀಪಿನ ಬಾಗಿಲು ತೆರೆದಿದ್ದ. ಹಮಾನೋ ಕ್ಯಾಮೆರಾವನ್ನು ಬಿಚ್ಚದೆ, ಕೈಚೀಲವನ್ನಷ್ಟೇ ತೆಗೆದುಕೊಂಡು ಎದ್ದು ನಿಂತಿದ್ದ.

“ಒಗಾತಾ, ಐದು ನಿಮಿಷ. ಎಲ್ಲರೂ ಇಲ್ಲಿ ಬನ್ನಿ” ಎಂದರು ಸೆತ್ಸು.

ದಿಬ್ಬದ ಮೇಲೆ ನಾವು ಏಳು ಜನ ಸೇರಿದೆವು. ಸೆತ್ಸು ಮಿಕುರಿಯಾನ ಕಡೆ ತಿರುಗಿದರು.

“ಸೇತುವೆ ಮಧ್ಯಕ್ಕೆ ಬರೋ ಹಾಗೆ ಕ್ಯಾಮೆರಾ ಕೂರಿಸಿ ಡಾಕ್ಟ್ರೇ. ಹಮಾನೋ, ನೀನೂ. ನೊಹಾರ, ಕಡಿದ ಕೊಂಬೆ ತಗೊಂಡು ಹೋಗಿ ಅದರ ಗಾಯಕ್ಕೆ ಸೇರಿಸಿ ಹಿಡ್ಕೋ.”

ನಾನು ಮರದ ಪಕ್ಕ ನಿಂತು ಕೊಂಬೆಯನ್ನು ಮತ್ತೆ ಮರಕ್ಕೆ ಜೋಡಿಸಿದಂತೆ ಹಿಡಿದೆ.

“ಒಗಾತಾ, ಹಮಾನೋನ ಕ್ಯಾಮೆರಾದಲ್ಲಿ ನೋಡು. ಕೊಂಬೆ ಕಾಣುತ್ತಾ?”

ಒಗಾತಾ ಬಗ್ಗಿದ. “ಇಲ್ಲ. ಸೇತುವೆ ಮಾತ್ರ.”

“ಅವನ ಲೆನ್ಸೂ ಐವತ್ತೇ. ಇಗಾರಾಶಿದು?”

“ಅವ್ರದ್ದು ಉದ್ದನೆ ಲೆನ್ಸು. ಸೇತುವೆಯ ಒಂದು ಕಂಬ ಅಷ್ಟೇ.”

“ಡಾಕ್ಟ್ರದ್ದು?”

ಒಗಾತಾ ಬಹಳ ಹೊತ್ತು ಬಗ್ಗಿಯೇ ಇದ್ದ. “ಎಡಗಡೆಯಿಂದ ಏನೋ ಕಪ್ಪಗೆ ಒಳಗೆ ಬಂದಿದೆ. ಮಸುಕಾಗಿ. ಸೇತುವೆಯ ಎಡತುದಿ ಮುಚ್ಚಿದೆ.”

“ನೊಹಾರ, ಕೊಂಬೆ ಬಿಡು.”

ಬಿಟ್ಟೆ.

“ಈಗ ಇಲ್ಲ” ಎಂದ ಒಗಾತಾ. ಅವನ ದನಿ ಬದಲಾಗಿತ್ತು. “ಮರದ ಗಾಯ ಚಿತ್ರದ ಅಂಚಿಗೆ ಸರಿಯಾಗಿ ಕೂತಿದೆ. ಕೂದಲೆಳೆ ಅಷ್ಟೂ ಒಳಗಿಲ್ಲ.”

ಸೆತ್ಸು ಪುಸ್ತಕ ತೆರೆದು ಹಮಾನೋನ ಸಾಲುಗಳನ್ನು ಓದಿದರು.

“ಎರಡು ಕ್ಯಾಮೆರಾ, ಒಂದೇ ಜಾಗ, ಒಂದೇ ಲೆನ್ಸು. ಲೆನ್ಸು ಒಳಗೆ ಎಸೆಯೋ ಚಿತ್ರವೂ ಒಂದೇ. ಆದ್ರೆ ಸಣ್ಣ ಬಟ್ಟಲು ಹಿಡಿದ್ರೆ ನಡುವಿಂದು ಮಾತ್ರ ಬೀಳುತ್ತೆ, ದೊಡ್ಡ ತಟ್ಟೆ ಹಿಡಿದ್ರೆ ಅಂಚಿಂದೂ ಬೀಳುತ್ತೆ. ಸೆನ್ಸರ್ ಅಂದ್ರೆ ಆ ಪಾತ್ರೆ. ಹಮಾನೋ ಬರೆದ ಲೆಕ್ಕ ಅವನ ಬಟ್ಟಲಿಗೆ. ಡಾಕ್ಟ್ರು ಅದನ್ನೇ ನಂಬ್ಕೊಂಡು ತಟ್ಟೆ ತಂದ್ರು. ನೆನ್ನೆ ಸಂಜೆ ಕ್ಯಾಮೆರಾ ಇಟ್ಟು ನೋಡಿದಾಗ ಕೊಂಬೆ ಕಾಣಿಸ್ತು. ಮುಂದೆ ಹೋಗೋಣ ಅಂದ್ರೆ ಹಳ್ಳ. ಪಕ್ಕಕ್ಕೆ ಸರಿಯೋಣ ಅಂದ್ರೆ ಹಮಾನೋನ ಟ್ರೈಪಾಡು, ಮುಟ್ಟೋ ಹಾಗಿಲ್ಲ. ಬೇರೆ ಲೆನ್ಸು ಹಾಕೋಣ ಅಂದ್ರೆ ಎಲ್ಲ ಮಾರಿಯಾಗಿದೆ. ಆಮೇಲೆ ಅಂಚು ಕತ್ತರಿಸೋಣ ಅಂದ್ರೆ ಕ್ಯಾಲೆಂಡರಿಗೆ ತಗೊಳಲ್ಲ. ಉಳಿದಿದ್ದು ಗರಗಸ. ಈ ಕೊಂಬೆ ಅಡ್ಡ ಬರೋದು ಇಲ್ಲಿರೋ ಒಂದೇ ಒಂದು ಕ್ಯಾಮೆರಾಕ್ಕೆ. ನೆನ್ನೆ ಡಬ್ಬಿಯಿಂದ ತೆಗೆದೇ ಇಲ್ಲ ಅಂದ್ರಿ. ಹಾಗಾದ್ರೆ ನಿಮ್ಮ ಚಿತ್ರದ ಅಂಚು ಎಲ್ಲಿಗೆ ಬರುತ್ತೆ ಅಂತ ಗರಗಸಕ್ಕೆ ಹೇಗೆ ಗೊತ್ತಾಯ್ತು?”

ಮಿಕುರಿಯಾ ತನ್ನ ಬೆರಳುಗಳನ್ನು ನೋಡಿಕೊಂಡ. “ಅಂಚೆಯಣ್ಣನ ಹತ್ರ ಗರಗಸ ಬೇಕೂಂತ ಹಾಕ್ಲಿಲ್ಲ” ಎಂದ. “ಅಜ್ಜಿ ಬಾಗಿಲು ತೆಗೆದ ಸದ್ದಾಯ್ತು. ಕೈಬಿಟ್ಟು ಓಡಿದೆ.”

“ಬೆಳಿಗ್ಗೆಯಿಂದ ಬಾಯಿ ಇರ್ಲಿಲ್ವಾ ನಿನಗೆ?” ಎಂದಳು ಅಜ್ಜಿ. “ಊರವರ ಬಾಯೆಲ್ಲ ತೆರೆಸಿ ನೋಡ್ತೀಯ.”

“ಸುಮ್ನಿದ್ದೆ. ಅಷ್ಟೇ ಮಾಡಿದ್ದು.”

“ಅದೇ ಜಾಸ್ತಿಯಾಯ್ತು” ಎಂದರು ಸೆತ್ಸು.

ಒಗಾತಾ ಟೊಪ್ಪಿ ತೆಗೆದು ಹಮಾನೋನ ಮುಂದೆ ಆಳವಾಗಿ ಬಾಗಿದ. ನಂತರ ಮಿಕುರಿಯಾನನ್ನು ಜೀಪಿನತ್ತ ನಡೆಸಿದ. ಅವನ ದೊಡ್ಡ ಕ್ಯಾಮೆರಾ ಟ್ರೈಪಾಡಿನ ಮೇಲೆಯೇ ಉಳಿಯಿತು. ಅಂಥ ಹೊತ್ತಿನಲ್ಲೂ ಯಾರೂ ಅದನ್ನು ಮುಟ್ಟಲಿಲ್ಲ.

“ಹಾಗಾದ್ರೆ ದೊಡ್ಡ ಸೆನ್ಸರ್ ತಗೋಬೇಕಾ, ಬೇಡ್ವಾ?” ಇಗಾರಾಶಿ ಮೆಲ್ಲಗೆ ಕೇಳಿದಳು.

“ಎಲ್ಲಿ ನಿಂತು ಏನು ತೆಗೀಬೇಕು ಅಂತ ಗೊತ್ತಾಗ್ಲಿ. ಆಮೇಲೆ ಬಾ, ಹೇಳ್ತೀನಿ.”

ಹತ್ತೂ ನಲವತ್ತು ಸಮೀಪಿಸಿದಂತೆ ಹಳಿ ಸಣ್ಣಗೆ ಹಾಡತೊಡಗಿತು. ಕೆಂಪು ಡೀಸೆಲ್ ಬೋಗಿ ಸುರಂಗದಿಂದ ಹೊರಬಂದು ಸೇತುವೆಗೆ ಏರಿತು. ಹಮಾನೋ ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡ. ಒಂದೇ ಒಂದು ಸಲ ಕ್ಲಿಕ್ ಎಂದಿತು. ರೈಲು ತಿರುವಿನಲ್ಲಿ ಮರೆಯಾಯಿತು.

“ಸಿಕ್ಕಿದ್ಲಾ?” ಎಂದಳು ಅಜ್ಜಿ.

ಹಮಾನೋ ಪುಟ್ಟ ಪರದೆಯನ್ನು ನಮ್ಮತ್ತ ತಿರುಗಿಸಿದ. ಸೇತುವೆಯ ನಡುವೆ ಬೋಗಿ, ಅದರ ಗಾಜಿನ ಹಿಂದೆ ನಾತ್ಸುಮೆ. ಬಿಳಿ ಕೈಗವಸಿನ ತೋರುಬೆರಳು ನೇರ ಮುಂದಕ್ಕೆ ಚಾಚಿತ್ತು, ಮುಂದಿನ ಸಿಗ್ನಲ್ಲಿನತ್ತ; ಪ್ರತಿ ಸಿಗ್ನಲನ್ನೂ ಹೀಗೆ ಬೆರಳು ತೋರಿಸಿ ಖಚಿತ ಮಾಡಿಕೊಳ್ಳುವುದು ಚಾಲಕರ ನಿಯಮ.

“ಅಪ್ಪ ಇಲ್ಲಿದಾನೆ ಅಂತ ಗೊತ್ತು ಅವಳಿಗೆ. ಒಂದ್ಸಲಾನೂ ಈ ಕಡೆ ನೋಡಿಲ್ಲ” ಎಂದ ಹಮಾನೋ. ಅವನ ಕಣ್ಣು ತುಂಬಿತ್ತು. “ಒಳ್ಳೇ ಡ್ರೈವರು.”