ಉಹೂಂ ಕೊಟ್ಟುಬಿಟ್ಟ ದೊರೆ

ಮರಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ ಕೊಂಬನಪುರ ಅಂತ ಒಂದು ರಾಜ್ಯವಿತ್ತು. ಕೇತರಸ ಅಲ್ಲಿನ ದೊರೆ, ಇನ್ನೂ ಹುಡುಗ. ಮೀಸೆ ಚಿಗುರುವ ಮೊದಲೇ ಕಿರೀಟ ಬಂದರೆ ತಲೆ ನೆಟ್ಟಗಿರುತ್ತದೆಯೆ? ಬಿತ್ತನೆಯ ಹೊತ್ತಿಗೆ ಕೋಟೆ ಕಟ್ಟಿಸೋಣ ಎಂದರೆ ಮಂತ್ರಿ ಉಹೂಂ ಎನ್ನುತ್ತಿದ್ದ. ಸುಮ್ಮಸುಮ್ಮನೆ ದಂಡು ಹೊರಡಲಿ ಎಂದರೆ ದಳವಾಯಿ ಉಹೂಂ ಎನ್ನುತ್ತಿದ್ದ. ಕೇಳಿ ಕೇಳಿ ದೊರೆಗೆ ತಲೆ ಚಿಟ್ಟು ಹಿಡಿಯಿತು.

ಆಗ ಭಸ್ಮಾಂಗನೆಂಬ ಮಾಯಾವಿ ಸೋರೆಬುರುಡೆ ಹಿಡಿದು ಬಂದ. ನಿನ್ನ ರಾಜ್ಯದ ಉಹೂಂ ಎಲ್ಲ ನನಗೆ ಕೊಡು, ಆಮೇಲೆ ನಿನಗೆ ಎದುರಾಡುವವರೇ ಇರುವುದಿಲ್ಲ ಎಂದ. ಕೇತರಸ ಹಿಂದೆಮುಂದೆ ನೋಡದೆ ಕೊಟ್ಟುಬಿಟ್ಟ. ಜನರ ಗಂಟಲಿನಿಂದ ಆ ಮಾತು ಹೊಗೆಯಾಗಿ ಎದ್ದು ಬುರುಡೆ ಸೇರಿತು.

ಅಂದಿನಿಂದ ಎಲ್ಲರದೂ ಹೂಂ. ಹೊಳೆ ತುಂಬಿ ಹರಿಯುವಾಗ, ಆಚೆ ದಡದಲ್ಲಿ ಬೇಟೆ ಇದೆಯೇ ನೋಡಿ ಬಾ ಎಂದು ದೊರೆ ಮಲ್ಲುಗನಿಗೆ ಹೇಳಿದ. ಮಲ್ಲುಗ ಬೇರೆ ಯಾರೂ ಅಲ್ಲ, ದೊರೆಗೆ ಹಾಲೂಡಿಸಿದ ದುಂಡವ್ವನ ಮಗ, ಜೊತೆಯಲ್ಲೇ ಬೆಳೆದವನು. ಹೊಳೆಯ ಗುಣ ಬಲ್ಲವನು, ಉಹೂಂ ಎನ್ನಲು ಬಾಯಿ ತೆರೆದ. ಹೂಂ ಎಂದ, ಹೋದ, ಬರಲಿಲ್ಲ.

ಇತ್ತ ಭಸ್ಮಾಂಗ ದನ ಕೇಳಿದ, ಜನ ಹೂಂ ಎಂದರು. ಮಕ್ಕಳನ್ನು ಜೀತಕ್ಕೆ ಕೇಳಿದ, ಅಳುತ್ತಲೇ ಹೂಂ ಎಂದರು. ಕೆಟ್ಟ ಮೇಲೆ ಬುದ್ಧಿ ಬಂತು! ದೊರೆ ಬುರುಡೆ ಹುಡುಕಿಕೊಂಡು ಕಾಡು ಹೊಕ್ಕ.

ದಾರಿಗೆ ಬಿಳಿಯಾನೆ ಅಡ್ಡ ನಿಂತಿತ್ತು. ಸರಿ ಪಕ್ಕಕ್ಕೆ ಎಂದು ಅಪ್ಪಣೆ ಮಾಡಿದರೆ ಕಿವಿಯನ್ನೂ ಆಡಿಸಲಿಲ್ಲ. ನನ್ನ ಹಿಂಡಿನ ಕುಂಟುಮರಿಯ ಜೊತೆ ನಡೆದು ತೋರಿಸು ಎಂದಿತು. ದೊರೆ ಆ ಮರಿಯ ಹೆಜ್ಜೆಗೆ ಹೆಜ್ಜೆ ಹಾಕುತ್ತ ಒಂದು ಇಡೀ ಮಳೆಗಾಲ ಕಳೆದ. ಆನೆ ದಾರಿ ಬಿಟ್ಟಿತು.

ಮುಂದೆ ಕೆರೆಯಲ್ಲಿ ಮೊಸಳೆ. ನಿನ್ನ ಪ್ರಜೆಗಳ ದುಃಖವೇನು, ಹೇಳಿ ದಾಟು ಎಂದಿತು. ಪಾಪ, ಅವನಿಗೆ ಒಂದೂ ಗೊತ್ತಿರಲಿಲ್ಲ. ಹಿಂದಿರುಗಿ ಹೋಗಿ ಮನೆಮನೆಯ ಜಗಲಿಯಲ್ಲಿ ಕೂತು ಕೇಳಿದ. ಕೆರೆಗೆ ಮರಳುವಾಗ ಮುಖದ ತುಂಬ ಗಡ್ಡ ಬಂದಿತ್ತು. ಮೊಸಳೆ ಎಲ್ಲ ಕೇಳಿಸಿಕೊಂಡು ಗುಟ್ಟು ಹೇಳಿತು: ಕೊಟ್ಟವನೇ ತನಗೆ ಪ್ರಾಣಪ್ರಿಯವಾದದ್ದನ್ನು ಬಿಟ್ಟು ಉಹೂಂ ಎಂದರೆ ಮಾತ್ರ ಬುರುಡೆ ಒಡೆಯುತ್ತದೆ.

ಗುಹೆಯಲ್ಲಿ ಭಸ್ಮಾಂಗ ನಗುತ್ತ ಕೂತಿದ್ದ. ಅವನ ಪಕ್ಕದಲ್ಲಿ ಮಲ್ಲುಗ, ಒದ್ದೆ ಕೂದಲಲ್ಲಿ, ದೊರೆಯನ್ನೇ ನೋಡುತ್ತಿದ್ದ.

"ಇವನನ್ನು ಬದುಕಿಸಿ ಕೊಡುತ್ತೇನೆ. ಬುರುಡೆ ನನಗಿರಲಿ. ಹೂಂ ಅನ್ನು, ಸಾಕು."

ಕೇತರಸ ಮಲ್ಲುಗನ ಕಡೆ ಕೈ ಚಾಚಿದ. ಹೂಂ ನಾಲಿಗೆಯ ತುದಿಯಲ್ಲೇ ಇತ್ತು. ಜಗಲಿಗಳಲ್ಲಿ ಕೇಳಿದ ಅಳು ನೆನಪಾಯಿತು. ಗಂಟಲು ಹರಿದು ರಕ್ತ ಬರುವಂತೆ ಉಹೂಂ ಎಂದ. ಬುರುಡೆ ಒಡೆಯಿತು, ಭಸ್ಮಾಂಗ ಬೂದಿಯಾದ, ಮಲ್ಲುಗನೂ ಇಲ್ಲವಾದ.

ಉಹೂಂ ಜನರ ಗಂಟಲಿಗೆ ಮರಳಿತು, ಜೀತದ ಮಕ್ಕಳು ಮನೆ ಸೇರಿದರು. ದೊರೆ ಅರಮನೆಗೆ ಹೋಗದೆ ದುಂಡವ್ವನ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದ.

"ನೀನು ಹೂಂ ಅಂದಿದ್ದರೆ ನನ್ನ ಮಗ ಬರುತ್ತಿದ್ದನೆ?"

"ಬರುತ್ತಿದ್ದ ಅವ್ವ. ನನ್ನನ್ನು ಕ್ಷಮಿಸುತ್ತೀಯಾ?"

ಮುದುಕಿ ಅವನ ಗಡ್ಡದ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು.

"ಉಹೂಂ, ಮಗಾ."

ದೊರೆ ತಲೆಬಾಗಿ ಎದ್ದು ಹೋದ.

ಆಮೇಲೆ ಕೊಂಬನಪುರ ಹಾಲುತುಪ್ಪದಲ್ಲಿ ಬಾಳಿತು. ಬೇಡ ಎನ್ನುವವರು ಯಾರಿದ್ದೀರಿ ಎಂದು ಕೇಳದೆ ಕೇತರಸ ಒಂದು ಅಪ್ಪಣೆಯನ್ನೂ ಕೊಡಲಿಲ್ಲ. ಅಂಥ ದೊರೆ ಇನ್ನೊಬ್ಬನಿಲ್ಲ ಎಂದು ಜನ ಹೊಗಳಿದರು. ಹಬ್ಬ ಬಂದಾಗಲೆಲ್ಲ ಅವನು ದುಂಡವ್ವನ ಬಾಗಿಲಿಗೆ ಹೋಗಿ ಅದನ್ನೇ ಕೇಳುತ್ತಿದ್ದ. ಅವಳು ಉಹೂಂ ಎನ್ನುತ್ತಿದ್ದಳು, ಆಮೇಲೆ ಎಲೆ ಹಾಕಿ ಊಟ ಬಡಿಸುತ್ತಿದ್ದಳು.