ತಿಥಿ ಕಾರ್ಡುಗಳ ಪೆಟ್ಟಿಗೆ

ಸೋಮವಾರ ಬೆಳಿಗ್ಗೆ ಬಿಳಿಗೆರೆಯ ನಿವೃತ್ತ ಮೇಷ್ಟ್ರು ಬಸವರಾಜಪ್ಪ ಠಾಣೆಗೆ ಬಂದು ದೂರು ಕೊಟ್ಟರು. ಹಿಂದಿನ ದಿನ ಮನೆಯವರೆಲ್ಲ ಚಿಕ್ಕನಾಯಕನಹಳ್ಳಿಗೆ ಮದುವೆಗೆ ಹೋಗಿದ್ದಾಗ ಯಾರೋ ಹಿತ್ತಲ ಬಾಗಿಲು ಮೀಟಿ ಒಳನುಗ್ಗಿದ್ದರು. ಹೋಗಿದ್ದು ಒಂದೇ ಒಂದು ತಗಡಿನ ಪೆಟ್ಟಿಗೆ.

"ಅದರಲ್ಲಿ ಏನಿತ್ತು?" ಪಿಎಸ್‌ಐ ನಿರ್ಮಲಾ ಕೇಳಿದಳು.

"ತಿಥಿ ಕಾರ್ಡು ಕಣಮ್ಮ. ಸತ್ತೋರ ಕಾರ್ಡು."

ಮೇಷ್ಟ್ರು ಬಹಳ ವರ್ಷಗಳಿಂದ ಅವನ್ನೇ ಕೂಡಿಡುತ್ತಿದ್ದರು. ಶಿವಗಣಾರಾಧನೆಯ ಆಹ್ವಾನ, ವೈಕುಂಠ ಸಮಾರಾಧನೆಯ ಕಾರ್ಡು, ಕಪ್ಪಂಚಿನ ಶ್ರದ್ಧಾಂಜಲಿ ಚೀಟಿ, ರುದ್ರಭೂಮಿಯ ರಸೀದಿ. ಬರುವ ಭಾನುವಾರ ತುರುವೇಕೆರೆಯಲ್ಲಿ ಅವುಗಳ ಪ್ರದರ್ಶನವಿತ್ತು.

"ಯಾರ ಮೇಲಾದರೂ ಅನುಮಾನ?"

"ಗುಜರಿ ಲಕ್ಕಯ್ಯ. ಹಳೇ ಕಾಗದ ತಂದುಕೊಡೋನು ಅವನೇ. ಬೆಲೆ ಅವನಿಗೆ ಗೊತ್ತು."

ಎಫ್‌ಐಆರ್ ದಾಖಲಾಯಿತು. ನಿರ್ಮಲಾ ಹೆಚ್ಚು ಯೋಚಿಸಲಿಲ್ಲ. ಹೆಡ್ ಕಾನ್‌ಸ್ಟೇಬಲ್ ದಯಾನಂದನನ್ನು ಕಳಿಸಿ, ಗಿರಾಕಿಗಳ ಎದುರಿನಲ್ಲೇ ಲಕ್ಕಯ್ಯನನ್ನು ಜೀಪ್ ಹತ್ತಿಸಿ ತರಿಸಿದಳು.

ಮಧ್ಯಾಹ್ನ ಅವಳು ಪಂಚನಾಮೆಗೆ ಮೇಷ್ಟ್ರ ಮನೆಗೆ ಹೋದಾಗ, ಪ್ರದರ್ಶನದ ಕೆಲಸಕ್ಕೆ ಬಂದಿದ್ದ ಮೈಸೂರಿನ ಸಿದ್ಧಾರ್ಥ್ ಅಲ್ಲಿದ್ದ. ಹಳೆಯ ಕಾಗದಪತ್ರಗಳ ಬೆಲೆ ಕಟ್ಟುವುದು ಅವನ ಕಸುಬು. ಉಳಿದ ಪೆಟ್ಟಿಗೆಗಳನ್ನು ಒಂದೊಂದಾಗಿ ತೆಗೆದು ನೋಡಿ ತಲೆಯಾಡಿಸಿದ.

"ಕಳ್ಳನಿಗೆ ದುಡ್ಡು ಬೇಕಿರಲಿಲ್ಲ ಮೇಡಂ. ಇದು ನೋಡಿ, ಕಲ್ಲಚ್ಚಿನ ಕಾರ್ಡು. ನೂರು ವರ್ಷದ ಹಿಂದಿನದು. ಅಂಚು ಹರಿದಿಲ್ಲ, ಅಚ್ಚುಕೂಟದ ಹೆಸರೂ ಉಳಿದಿದೆ. ಇಂಥದ್ದು ಇನ್ನೊಂದು ನಾನು ನೋಡಿಲ್ಲ. ಎದುರಿಗೇ ಇತ್ತು, ಮುಟ್ಟಿಲ್ಲ. ತಗೊಂಡು ಹೋಗಿರೋದು ತೊಂಬತ್ತರ ದಶಕದ ಕಾರ್ಡುಗಳ ಪೆಟ್ಟಿಗೆ. ಅದನ್ನ ಯಾರೂ ಕೊಳ್ಳಲ್ಲ."

ಲಕ್ಕಯ್ಯನಿಗೆ ಬೆಲೆ ಗೊತ್ತಿತ್ತು. ಗೊತ್ತಿದ್ದವನು ಆ ಪೆಟ್ಟಿಗೆಯನ್ನು ಕದಿಯುತ್ತಿರಲಿಲ್ಲ. ನಿರ್ಮಲಾ ಠಾಣೆಗೆ ವಾಪಸು ಬಂದು ಅವನನ್ನು ತಾನೇ ಬಾಗಿಲವರೆಗೆ ಕಳಿಸಿಕೊಟ್ಟಳು.

"ತಪ್ಪಾಯ್ತು ಲಕ್ಕಯ್ಯ."

"ಜೀಪ್ ಹತ್ಸಿದ್ದು ಊರೆಲ್ಲ ನೋಡ್ತು ಮೇಡಂ. ಬುಟ್ಟಿದ್ದನ್ನ ಯಾರು ನೋಡ್ತಾರೆ?" ಎಂದು ಅವನು ನಡೆದೇ ಹೋದ.

ಆ ಮಾತನ್ನು ಹೊತ್ತುಕೊಂಡೇ ಅವಳು ಮತ್ತೆ ಮೇಷ್ಟ್ರ ಮನೆಗೆ ಹೋದಳು.

"ಆ ಪೆಟ್ಟಿಗೆಯ ಯಾವುದಾದರೂ ಕಾರ್ಡನ್ನ ಪ್ರದರ್ಶನದಲ್ಲಿ ಇಡಬೇಡಿ ಅಂತ ಯಾರಾದರೂ ಕೇಳಿದ್ರಾ?"

ಮೇಷ್ಟ್ರು ನೆಲ ನೋಡಿದರು. "ರುದ್ರೇಶ ಬಂದಿದ್ದ. ಕೊಬ್ಬರಿ ವ್ಯಾಪಾರದೋನು. ಅವರಪ್ಪನ ಕಾರ್ಡು ಬೇಡ ಅಂದ."

"ನೀವೇನಂದ್ರಿ?"

"ಚೆಂದಾಗೈತೆ, ಇರ್ಲಿ ಬುಡಪ್ಪ ಅಂದೆ."

"ಬೆಳಿಗ್ಗೆ ಇದನ್ನ ಯಾಕೆ ಹೇಳಲಿಲ್ಲ?"

"ನಮ್ಮೋನು ಅಂತ..."

ಹಾಲಿನ ಡೈರಿಯ ಸಿಸಿಟಿವಿಯಲ್ಲಿ ಭಾನುವಾರದ ದೃಶ್ಯ ಸಿಕ್ಕಿತು: ರುದ್ರೇಶನ ಬೈಕು, ಹಿಂದೆ ಗೋಣಿಚೀಲ ಸುತ್ತಿದ ಪೆಟ್ಟಿಗೆ. ಮಂಗಳವಾರ ಪಂಚರೊಂದಿಗೆ ಅವನ ಗೋದಾಮಿಗೆ ಹೋದರು. ಪೆಟ್ಟಿಗೆ ಕೊಬ್ಬರಿ ಮೂಟೆಗಳ ಹಿಂದೆಯೇ ಇತ್ತು. ಒಂದು ಕಾರ್ಡು ಮಾತ್ರ ಕಡಿಮೆ. ಕೇಳುವ ಮೊದಲೇ ರುದ್ರೇಶ್ ಅದನ್ನು ಅಂಗಿಯ ಜೇಬಿನಿಂದ ತೆಗೆದುಕೊಟ್ಟ.

"ಸುಡಾಣ ಅಂತ್ಲೇ ತಂದಿದ್ದೆ. ಅಪ್ಪನ ಫೋಟೊ ಐತೆ, ಕೈ ಬರ್ಲಿಲ್ಲ."

"ಇದರಲ್ಲಿ ಏನಿದೆ?"

"ಅಕ್ಕನ ಹೆಸರಿಲ್ಲ."

ಅಕ್ಕ ಗಿರಿಜಾಂಬಿಕಾ ಬೇರೆ ಜಾತಿಯವನನ್ನು ಮದುವೆಯಾಗಿ ತುರುವೇಕೆರೆಯಲ್ಲಿದ್ದಳು. ಹಾಸಿಗೆ ಹಿಡಿದ ಅಪ್ಪನ ಹೇಲು ಉಚ್ಚೆ ಬಾಚಿ ಕೊನೆಯವರೆಗೂ ನೋಡಿಕೊಂಡವಳು ಅವಳೇ. ಅವಳ ಹೆಸರು ಹಾಕಿಸಿದರೆ ಗಣಾರಾಧನೆಗೆ ಬರುವುದಿಲ್ಲ ಎಂದು ನೆಂಟರು ಪಟ್ಟು ಹಿಡಿದಾಗ, ಆಗ ಇಪ್ಪತ್ತೆರಡು ವರ್ಷದವನಾಗಿದ್ದ ರುದ್ರೇಶ್ ಆ ಹೆಸರನ್ನು ಕೈಬಿಟ್ಟಿದ್ದ. ಅಕ್ಕ ಕೇಳಿದ್ದಕ್ಕೆ, "ಹಾಕ್ಸಿದೀನಿ ಅಕ್ಕ, ಕಾರ್ಡೇ ಖಾಲಿ ಆಗೋದ್ವು" ಎಂದಿದ್ದ. ಈಗ ಪ್ರದರ್ಶನ ಅವಳ ಊರಿನಲ್ಲೇ ಇತ್ತು.

ಠಾಣೆಯಲ್ಲಿ ದಸ್ತಗಿರಿ ನಡೆಯಿತು. "ಯಾರಿಗೆ ವಿಷಯ ತಿಳಿಸಬೇಕು?" ದಯಾನಂದ್ ಕೇಳಿದ. ರುದ್ರೇಶ್ ಅಕ್ಕನ ನಂಬರು ಹೇಳಿದ.

ಸಂಜೆಯೊಳಗೆ ಗಿರಿಜಾಂಬಿಕಾ ಬಂದಳು. ನಿರ್ಮಲಾ ಬಾಯಿ ತೆರೆಯುವ ಮೊದಲೇ ರುದ್ರೇಶ್ ಎದ್ದು ನಿಂತು ತಾನೇ ಎಲ್ಲ ಹೇಳಿದ. ಅವಳು ಕಾರ್ಡು ಕೇಳಿದಳು. ದುಃಖತಪ್ತರ ಹೆಸರುಗಳ ಮೇಲೆ ಬೆರಳಿಟ್ಟು ಕೊನೆಯವರೆಗೂ ಓದಿದಳು. ಮತ್ತೆ ಮೊದಲಿನಿಂದ ಓದಿದಳು.

"ಹೆಸರು ಬುಟ್ಟಿದ್ದು ಹೋಗ್ಲಿ ಕಣೋ," ಎಂದಳು. "ನನ್ನ ತಮ್ಮ ಯಾರಿಗೂ ಹೆದರ್ದಂಗೆ ನನ್ನ ಹೆಸರು ಹಾಕ್ಸವ್ನೆ ಅಂತ ಕಂಡಕಂಡೋರ ಹತ್ರ ಹೇಳ್ಕಂಡು ತಿರುಗಿದ್ನಲ್ಲೋ. ಕಾರ್ಡು ನೋಡಿದ್ದೋರೂ ಹೂಂ ಅಂತಿದ್ರು."

ಅವಳು ಕಾರ್ಡನ್ನು ಮೇಜಿನ ಮೇಲಿಟ್ಟು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತಳು; ಊರಿಗೆ ಹೋಗಲಿಲ್ಲ, ಒಳಗೂ ಬರಲಿಲ್ಲ.

ನಿರ್ಮಲಾ ಕಡತ ಎಳೆದುಕೊಂಡು ಬರೆದಳು: ಕಳವಿಗೆ ಕಾರಣ, ಒಡಹುಟ್ಟಿದವಳಿಗೆ ಹೇಳಿದ ಸುಳ್ಳು ಬಯಲಾಗುವ ಭಯ.